ಅವ್ವನ ಕೈಯಲ್ಲಿದ್ದ ಉಚಿತ ಕ್ಯೂಆರ್ ಕೋಡ್

ಬೆಳಿಗ್ಗೆ ಅಂಗಳಕ್ಕೆ ಹೋದ ಅವ್ವ ಮಧ್ಯಾಹ್ನವಾದರೂ ಮನೆಯೊಳಗೆ ಬರಲಿಲ್ಲ...

ಮರೆವಿನ ಕಾಯಿಲೆ. ಹೆತ್ತ ಮಗನ ಗುರುತೂ ಸಿಗದ ಸ್ಥಿತಿ.

ಓಣಿಯೆಲ್ಲ ಹುಡುಕಾಡಿತು. ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟಿರುವ ಮಗ ವೀರಭದ್ರನಿಗೆ ಮಾತ್ರ ಒಂದು ಧೈರ್ಯವಿತ್ತು. ಅವ್ವನ ಮಣಿಕಟ್ಟಿಗೆ ಅವನೇ ಕ್ಯೂಆರ್ ಕೋಡ್ ಇರುವ ಪಟ್ಟಿ ಕಟ್ಟಿದ್ದ. ಯಾರಾದರೂ ಮೊಬೈಲ್ ಹಿಡಿದರೆ ಸಾಕು... ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಬರುತ್ತದೆ.

ಹೆಂಡತಿ ಕಸ್ತೂರಿ ಅಂದೇ ಕೇಳಿದ್ದಳು. "ಪಟ್ಟಿ ಮ್ಯಾಲೆ ಪೆನ್ನಿಲೆ ಒಂದ್ ನಂಬರ್ ಬರದ್ರ ಆಗೂದಿಲ್ಲೇನ್ರಿ?"

"ಯಾವ ಕಾಲದಾಗ ಅದೀ ನೀ? ವೆಬ್‌ಸೈಟ್‌ನಾಗ ಫ್ರೀ ಮಾಡೀನಿ. ಬಣ್ಣ ನೋಡು, ನಡುವ ನಮ್ಮಂಗಡಿ ಲೋಗೋ ನೋಡು!"

ಸಂಜೆ ಫೋನ್ ಬಂತು. ಅವ್ವ ಯಾವುದೋ ಬಸ್ ಹತ್ತಿ ಕೊಪ್ಪಳದ ನಿಲ್ದಾಣ ಸೇರಿದ್ದಾಳೆ...

ಅವನು ಅಲ್ಲಿಗೆ ತಲುಪಿದಾಗ ಬಾಳೆಹಣ್ಣು ಮಾರುವ ದುರ್ಗವ್ವನ ಬುಟ್ಟಿಯ ಪಕ್ಕ ಅವ್ವ ಕುಳಿತಿದ್ದಳು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ.

ಅದನ್ನು ನೋಡಿದ್ದೇ ತಡ, ವೀರಭದ್ರ ಸಿಡಿದ. "ಇಡೀ ದಿವ್ಸ ಇಲ್ಲೇ ಕುಂತಾಳ! ಇಷ್ಟು ಮಂದಿಯಾಗ ಒಬ್ಬರಿಗೂ ಸ್ಕ್ಯಾನ್ ಮಾಡೂ ಬುದ್ಧಿ ಬರ್ಲಿಲ್ಲಾ? ಎಲ್ಲಾರ ಕೈಯಾಗೂ ಮೊಬೈಲ್ ಅದಾವ!"

ದುರ್ಗವ್ವ ಎದ್ದು ನಿಂತಳು. "ಏ ಯಪ್ಪಾ, ದನಿ ಇಳಿಸು. ಕಾಲೇಜ್ ಹುಡುಗ್ಯಾರು ಮಾಡಿದ್ರು, ಪೊಲೀಸಪ್ಪನೂ ಮಾಡಿದ. ಈಗ ನೀ ಮಾಡು... ಮಾಡು ಅಂದ್ನಿ!"

ಮಾಡಿದ.

ಹೆಸರು ಬರಲಿಲ್ಲ. ನಂಬರ್ ಬರಲಿಲ್ಲ. ಉಚಿತ ಅವಧಿ ಮುಗಿದಿದೆ, ಮುಂದುವರಿಸಲು ಪ್ಲಾನ್ ಖರೀದಿಸಿ ಎಂದು ಇಂಗ್ಲಿಷ್‌ನಲ್ಲಿ ಬಂತು...

"ಏನೂ ನೆನಪಿಲ್ಲದ ಮುದುಕಿ ಕೈಗೆ ಜಾಹೀರಾತು ಕಟ್ಟೀಯಲ್ಲೋ! ಅಂಗಡಿ ಚಿತ್ರಕ್ಕ ಜಾಗ ಇತ್ತು, ಫೋನ್ ನಂಬರಿಗೆ ಇರ್ಲಿಲ್ಲೇನು?"

ವೀರಭದ್ರ ಮತ್ತೊಮ್ಮೆ ಸ್ಕ್ಯಾನ್ ಮಾಡಿದ. ಅದೇ ಬಂತು.

ಕ್ಯೂಆರ್ ಕೋಡ್ ಎರಡು ಬಗೆ. ಒಂದರಲ್ಲಿ ಫೋನ್ ನಂಬರ್ ಕೋಡ್‌ನೊಳಗೇ ಇರುತ್ತದೆ. ಅದಕ್ಕೆ ಅವಧಿ ಎಂಬುದಿಲ್ಲ, ಅದನ್ನೂ ಉಚಿತವಾಗಿಯೇ ಮಾಡಿಕೊಳ್ಳಬಹುದು.

ಇನ್ನೊಂದರಲ್ಲಿ ಇರುವುದು ವೆಬ್‌ಸೈಟಿನ ಲಿಂಕ್ ಮಾತ್ರ. ಮಾಹಿತಿ ಅವರ ಬಳಿ. ಅವರು ಬಾಗಿಲು ಹಾಕಿದರೆ ಮುಗಿಯಿತು.

ಅವನು ಮಾಡಿದ್ದು ಎರಡನೆಯದು. 'ಫ್ರೀ' ಎಂಬುದು ದೊಡ್ಡ ಅಕ್ಷರದಲ್ಲಿತ್ತು, 'ಎರಡು ವಾರ ಮಾತ್ರ' ಎಂಬುದು ಸಣ್ಣ ಅಕ್ಷರದಲ್ಲಿ... ಅವನು ಓದಲಿಲ್ಲ. ಕಟ್ಟಿದ ಮೇಲೆ ಒಮ್ಮೆಯೂ ಪರೀಕ್ಷಿಸಲಿಲ್ಲ.

"ಮತ್ತ... ನಮ್ಮ ವಿಳಾಸ ಹೆಂಗ ಸಿಕ್ತು?"

"ಪೊಲೀಸಪ್ಪ ಗಂಡನ ಹೆಸರು ಕೇಳಿದ. ಆಕಿ ಬಾಯಿ ಬಿಡ್ಲಿಲ್ಲ. ಹಿರೇ ಹೆಣಮಕ್ಕಳು ಗಂಡನ ಹೆಸರು ಹಂಗ ಹೇಳ್ತಾರೇನು? ನಾ ಬಾಜೂಕ ಕುಂತು ಒಡಪು ಕೇಳಿದ್ನಿ."

ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸ ಕಟ್ಟಿ ಹೇಳುವುದೇ ಒಡಪು. ಮದುವೆಯ ದಿನ, ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿಸುತ್ತಾರೆ.

ದುರ್ಗವ್ವ ಅವ್ವನತ್ತ ತಿರುಗಿದಳು. ಅವಳ ದನಿಯೇ ಬದಲಾಯಿತು. "ಯವ್ವಾ, ಮದುಮಗಳು ಬಾಗಲಕ ಬಂದಾಳ. ಒಡಪು ಹೇಳಿದ್ರ ಒಳಗ ಬಿಡ್ತೀವಿ ನೋಡು..."

ಅವ್ವ ಸೆರಗು ಸರಿಪಡಿಸಿಕೊಂಡಳು. ತಲೆ ತಗ್ಗಿಸಿ, ಎಲ್ಲೂ ತಡವರಿಸದೆ ಹೇಳಿದಳು...

"ಹಸರ ಬಳೆಗೆ ಬಂಗಾರದ ಚುಕ್ಕಿ,
ಹಾಲ ಪಾಯಸಕ ಸಣ್ಣಕ್ಕಿ,
ಬೆಟಗೇರಿ ನೇಕಾರ ಓಣಿ ಬಣ್ಣದ ಫಕೀರಪ್ಪನ
ಮನಿ ಹೊಕ್ಕೀನಿ ಒದ್ದು ಸೇರಕ್ಕಿ."

ಊರು, ಓಣಿ, 'ಬಣ್ಣದ' ಎಂಬ ಮನೆತನ, ಹೆಸರು... ಎಲ್ಲ ಇತ್ತು. ಇದನ್ನು ಕೇಳಿದ ಗದಗ ಬಸ್ಸಿನ ಕಂಡಕ್ಟರ್ ಬೆಟಗೇರಿಯ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿದ್ದ.

ವೀರಭದ್ರ ಅವ್ವನ ಮುಂದೆ ನೆಲದ ಮೇಲೆ ಕುಳಿತ. ಈ ಒಡಪನ್ನು ಅವನು ಕೇಳಿದ್ದು ಇದೇ ಮೊದಲು.

"ಅವ್ವಾ... ನಡಿ, ಮನಿಗೆ ಹೋಗೂಣು."

"ನೀ ಯಾರ ಪೈಕಿ ತಮ್ಮಾ?"

"ನಾ... ಫಕೀರಪ್ಪನ ಮಗ, ಅವ್ವಾ."

ಆ ಹೆಸರಿಗೆ ಅವ್ವ ನಾಚಿದಳು. ಬಾಯಿಗೆ ಸೆರಗು ಹಿಡಿದು, ಅವನ ಕೈ ಹಿಡಿದು ಎದ್ದಳು. ಅವನು ಅಳುತ್ತಿದ್ದ...

ದುರ್ಗವ್ವನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಪಕ್ಕದ ಅಂಗಡಿಯಿಂದ ಪೆನ್ನು ತಂದಳು. ಅವ್ವನ ಕೈಯ ಪಟ್ಟಿ ಬಿಚ್ಚಿ, ತಿರುವಿ ಅವನ ಮುಂದೆ ಹಿಡಿದಳು.

"ಅಳೂದು ಆಮ್ಯಾಲೆ. ಮೊದಲು ನಂಬರ್ ಬರಿ. ಇಲ್ಲೇ, ನನ್ನ ಮುಂದ!"

ಬರೆದ.

*

ನಮ್ಮವರ ಜೀವವನ್ನು 'ಫ್ರೀ' ಎಂಬ ಒಂದೇ ಪದ ನಂಬಿ ಬಿಡಬಾರದು. ಅದರ ಕೆಳಗಿನ ಸಣ್ಣ ಅಕ್ಷರವನ್ನೂ ಓದಬೇಕು.

ನೀವು ಮಾಡಿಟ್ಟ ಕ್ಯೂಆರ್ ಕೋಡನ್ನು ನೀವೇ ಸ್ಕ್ಯಾನ್ ಮಾಡಿ ನೋಡಿದ್ದು ಯಾವಾಗ...? ನಿಮ್ಮ ಅವ್ವನ ಒಡಪು ನಿಮಗೆ ಗೊತ್ತೇ?