ಬೋಳು ಕತ್ತಿನ ಕೆಂಪು ಹುಂಜ

ಪುಕ್ಕ ಸುಟ್ಟ ವಾಸನೆ ಬಂದರೆ ಈಗಲೂ ಜಾವಳಿಯ ಆ ಬೇಸಿಗೆಯ ಮಧ್ಯಾಹ್ನ ನೆನಪಾಗುತ್ತದೆ. ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದ ಅತ್ತೆ, ಬಿಸಿಲು ತಡೆಯುವ ಬೋಳು ಕತ್ತಿನ ಹೇಂಟೆಗಳನ್ನು ಮೂಡಿಗೆರೆಯಿಂದ ತಂದ ದೊಡ್ಡ ಕೆಂಪು ಹುಂಜದ ಜೊತೆ ಬಿಟ್ಟು, ಮರಿಗಳನ್ನು ಆರಿಸಿ ಆರಿಸಿ ನಾಲ್ಕು ವರ್ಷ ಸಾಕಿದ್ದರು. ಕತ್ತು ಬೋಳಾಗಿ, ಮೈ ಕೆಂಡದಂತೆ ಹೊಳೆಯುತ್ತ, ಅವರು ಬಯಸಿದಷ್ಟು ದೊಡ್ಡದಾಗಿ ಬೆಳೆದದ್ದು ಕೊನೆಗೆ ಒಂದೇ ಹುಂಜ. ನಾನು ಕರೆದರೂ ಅದು ಬರುತ್ತಿತ್ತು.

ಅತ್ತೆ ಕಳಸಕ್ಕೆ ಹೋಗಿದ್ದ ದಿನ ಪಕ್ಕದ ಎಸ್ಟೇಟಿನ ಮಾಲೀಕರು ಊಟಕ್ಕೆ ಬಂದರು.

"ಅಕ್ಕಂಗೆ ನಾನು ಹೇಳ್ತೀನಿ, ನೀನು ಹಿಡ್ಕೊಡು," ಎಂದರು ಅಪ್ಪ.

ನಾನು ಕರೆದೆ. ಬಂತು.

ಸಂಜೆ ಅತ್ತೆ ಬಂದು ಖಾಲಿ ಗೂಡಿನ ಮುಂದೆ ನಿಂತರು.

"ನಿಂಗೆ ಅಂತ ತೊಡೆ ಎತ್ತಿಟ್ಟಿದೀವಿ ಅಕ್ಕ," ಎಂದರು ಅಪ್ಪ.

ಅತ್ತೆ ಅವರತ್ತ ತಿರುಗಲಿಲ್ಲ. ನನ್ನನ್ನು ನೋಡಿ, "ನೀನೂ ತಿಂದ್ಯಾ?" ಎಂದು ಮೆಲ್ಲಗೆ ಕೇಳಿದರು.

ತಿಂದಿದ್ದೆ.