ಹಿಂದಿನ ಚಕ್ರದ ಕಟಕಟ

"ಆ ಮುಚ್ಚಳ ಮುಟ್ಟಿದ್ರೆ ಕೈ ಮುರೀತೀನಿ," ಎಂದ ವೆಂಕಟರಾಯಪ್ಪ.

ಕಾರಿನ ಹಿಂದಿನ ಚಕ್ರಕ್ಕೆ ಕೈ ಹಾಕಿದ್ದ ಹೊಸಕೋಟೆಯ ಮೆಕ್ಯಾನಿಕ್ ಪಿಳ್ಳಪ್ಪ ಬೆಚ್ಚಿ ಹಿಂದೆ ಸರಿದ. ಚಕ್ರದ ನಡುವೆ ಹೊಳೆಯುವ ಆ ಮುಚ್ಚಳಕ್ಕೆ ಗೀರು ಬಿದ್ದರೆ ಬೇರೆಯದು ಸಿಗುವುದಿಲ್ಲ, ಕಾರು ಮಾರಿದ ಬಿಳಿ ದೊರೆ ಆಗಲೇ ಹಡಗು ಹತ್ತಿಯಾಗಿದೆ ಎಂದು ವೆಂಕಟರಾಯಪ್ಪ ಗದರಿದ. ಪಿಳ್ಳಪ್ಪ ಕಾರಿನಡಿ ನುಸುಳಿ, ಗೇರ್ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟನ್ನು ಅಲ್ಲಾಡಿಸಿ ನೋಡಿ, ಜಾಯಿಂಟುಗಳಿಗೆ ಗ್ರೀಸು ಮೆತ್ತಿ ಹೊರಬಂದ. ತನಗೇನೂ ಕಾಣಲಿಲ್ಲವೆಂದ.

"ನಿನ್ನ ಕಣ್ಣಿಗೆ ಊಟದ ತಟ್ಟೆ ಬಿಟ್ರೆ ಇನ್ನೇನು ಕಾಣುತ್ತೆ," ಎಂದು ವೆಂಕಟರಾಯಪ್ಪ ಕಾರು ಹತ್ತಿದ.

ಕಾರು ಬೂದಿಗೆರೆಗೆ ಬಂದು ನಾಲ್ಕು ತಿಂಗಳಾಗಿತ್ತು. ಊರಿಗೆಲ್ಲ ಅದೊಂದೇ ಕಾರು. ಮೂರು ತಿಂಗಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತ್ತು. ಗೌರಿ ಹಬ್ಬ ಕಳೆದ ವಾರದಲ್ಲೇ ಹಿಂಬದಿಯಿಂದ ಕಟಕಟ ಶುರುವಾಯಿತು. ನಿಧಾನವಾಗಿ ಹೋದರೆ ಜೋರು, ವೇಗ ಏರಿದರೆ ಮಾಯ.

ದೇವನಹಳ್ಳಿಯ ಲಕ್ಷ್ಮಯ್ಯ ಹಿಂದಿನ ಅಚ್ಚಿನ ನಡುವಿನ ಉಕ್ಕಿನ ಗಡಿಗೆಯನ್ನೇ ಬಿಚ್ಚಿ, ಒಳಗಿನ ಚಕ್ರಗಳ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದ. ಒಂದೂ ಮುಕ್ಕಾಗಿರಲಿಲ್ಲ. ಹಲ್ಲು ಎಣಿಸೋದಕ್ಕಾದರೆ ಎತ್ತಿನ ದಲ್ಲಾಳಿಯ ಹತ್ತಿರ ಹೋಗುತ್ತಿದ್ದೆ ಎಂದು ವೆಂಕಟರಾಯಪ್ಪ ಅವನನ್ನೂ ಜಾಡಿಸಿ ಬಂದ.

ಊರಿನ ಅರಳಿಕಟ್ಟೆಯ ಮುಂದೆ ದಿನಕ್ಕೆರಡು ಸಲ ಆ ಕಾರು ಕಟಕಟ ಎನ್ನುತ್ತ ಆಮೆಯ ಹಾಗೆ ತೆವಳಿತು. ಕಟ್ಟೆಯವರು ತಲೆಗೊಂದು ಮಾತಾಡಿದರು. ನಿಂಬೆಹಣ್ಣು ಕಟ್ಟು ಎಂದರು. ವೆಂಕಟರಾಯಪ್ಪ ಎಲ್ಲವನ್ನೂ ತುಟಿ ಸೊಟ್ಟ ಮಾಡಿಕೊಂಡು ಕೇಳಿದ, ಆದರೆ ಕೇಳಿದ. ಕೊನೆಗೆ ಹಿರಿಯ ಅಪ್ಪಯ್ಯಣ್ಣ, ಯಾರೂ ಆಡಲು ಹೆದರುತ್ತಿದ್ದ ಮಾತನ್ನು ಆಡಿದ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ನಿನ್ನ ಬಾಮೈದ ದೊಡ್ಡಬಳ್ಳಾಪುರದಲ್ಲೇ ಇದ್ದಾನಲ್ಲ, ಅವನಿಗೆ ತೋರಿಸು ಎಂದ.

ಕಟ್ಟೆಯವರೆಲ್ಲ ವೆಂಕಟರಾಯಪ್ಪನ ಮೀಸೆ ನೋಡಿದರು. ಮೂರು ವರ್ಷದ ಹಿಂದೆ, ಹೆಂಡತಿಯ ತಮ್ಮ ಆವಲಪ್ಪ ಗ್ಯಾರೇಜು ಹಾಕಿದ ಹೊಸದರಲ್ಲಿ, ತುಂಬಿದ ಪಂಕ್ತಿಯಲ್ಲಿ ವೆಂಕಟರಾಯಪ್ಪ ಅವನನ್ನು ಲಾರಿಯಡಿ ಮಲಗುವವನು ಎಂದು ಹೀಯಾಳಿಸಿದ್ದ. ಆವಲಪ್ಪ ಎಲೆ ಬಿಟ್ಟು ಎದ್ದು ಹೋಗಿದ್ದ. ಅವನ ಮನೆ ಹೊಸ್ತಿಲು ತುಳಿದರೆ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ವೆಂಕಟರಾಯಪ್ಪ ಇದೇ ಕಟ್ಟೆಯ ಮೇಲೆ ಆಣೆ ಇಟ್ಟಿದ್ದ. ಅಂದಿನಿಂದ ಹೆಂಡತಿ ಮುನಿತಾಯಮ್ಮನಿಗೆ ತವರಿನ ಬಾಗಿನ ಬಂದಿರಲಿಲ್ಲ. ಈ ಗೌರಿ ಹಬ್ಬದಲ್ಲೂ ಅವಳು ಹೊತ್ತು ಮುಳುಗುವ ತನಕ ಬಾಗಿಲಲ್ಲಿ ನಿಂತಿದ್ದಳು. ತಮ್ಮನಿಗೆ ಹೆಣ್ಣುಮಗುವಾದದ್ದನ್ನೂ ಅವಳು ಕೇಳಿದ್ದಳಷ್ಟೆ, ನೋಡಿರಲಿಲ್ಲ.

"ನೀನು ಆಣೆ ಇಟ್ಟಿದ್ದು ಮನೆ ಹೊಸ್ತಿಲಿಗೆ ಕಣಪ್ಪ," ಎಂದ ಅಪ್ಪಯ್ಯಣ್ಣ. "ಗ್ಯಾರೇಜಿಗೆ ಹೊಸ್ತಿಲೆಲ್ಲಿದೆ?"

ವೆಂಕಟರಾಯಪ್ಪ ಉಗಿದು ಎದ್ದುಹೋದ. ಮೂರು ದಿನ ಬಿಟ್ಟು, ನಾಳೆ ದೊಡ್ಡಬಳ್ಳಾಪುರಕ್ಕೆ ಹೋಗಬೇಕು, ಹಿಂದಿನ ಸೀಟಿನಲ್ಲಿ ಭಾರವಿದ್ದರೇ ಸದ್ದು ಚೆನ್ನಾಗಿ ಕೇಳುವುದು, ನೀನೂ ಬಾ ಎಂದು ಹೆಂಡತಿಗೆ ಹೇಳಿದ.

ಬೆಳಿಗ್ಗೆ ಅವನು ಹೊರಬಂದಾಗ ಮುನಿತಾಯಮ್ಮ ಒದ್ದೆ ಬಟ್ಟೆಯಿಂದ ಕಾರಿನ ಚಕ್ರ ಒರೆಸುತ್ತಿದ್ದಳು. ಅವನನ್ನು ಕಂಡು ತಟ್ಟನೆ ಎದ್ದಳು. ಉಟ್ಟದ್ದು ರೇಷ್ಮೆ ಸೀರೆ, ಕಂಕುಳಲ್ಲಿ ಕಜ್ಜಾಯದ ಡಬ್ಬಿ.

"ಗ್ಯಾರೇಜಿಗೆ ಕಜ್ಜಾಯ ಯಾಕೆ? ಎಂಜಿನ್ನಿಗೆ ತಿನ್ನಿಸ್ತೀಯಾ?"

"ದಾರೀಲಿ ಹಸಿವಾದ್ರೆ ಅಂತ," ಎಂದಳು ಅವಳು, ಬೇರೆಲ್ಲೋ ನೋಡುತ್ತ.

ಪೆಟ್ರೋಲಿಗೆ ಇನ್ನೂ ಕೂಪನ್ ಇದ್ದ ಕಾಲ. ತಿಂಗಳ ಪಾಲಿನ ಅರ್ಧ ಆ ದಾರಿಗೇ ಸುಟ್ಟಿತು.

ಆವಲಪ್ಪ ಕೈ ಒರೆಸಿಕೊಂಡು ಬಂದು "ಬನ್ನಿ ಭಾವ" ಎಂದನೇ ಹೊರತು ನಗಲಿಲ್ಲ. ಕಾರನ್ನು ಹತ್ತು ಮಾರು ನಿಧಾನವಾಗಿ ಓಡಿಸಿದ. ಇಳಿದವನೇ, ಯಾರನ್ನೂ ಕೇಳದೆ, ಹಿಂದಿನ ಚಕ್ರದ ಮುಚ್ಚಳ ಎಬ್ಬಿಸಿದ. ವೆಂಕಟರಾಯಪ್ಪ ಅತ್ತ ತಿರುಗಿ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಡ್ರೈವರನಿಗೆ ಬೈಯುತ್ತಿದ್ದ.

ಆವಲಪ್ಪನ ಅಂಗೈಗೆ, ಮುಚ್ಚಳದೊಳಗೆ ಉರುಳಾಡುತ್ತಿದ್ದ ಕಬ್ಬಿಣದ ಒಂದು ನಟ್ಟು ಬಿತ್ತು. ಅವನು ಮುಷ್ಟಿ ಬಿಗಿದು, ಅಕ್ಕನ ಹತ್ತಿರ ಬಂದು ಪಿಸುಗುಟ್ಟಿದ: "ಭಲೇ ಉಪಾಯ ಮಾಡಿದೀಯ ಕಣಕ್ಕ."

"ಯಾವ ಉಪಾಯಾನೋ?" ಎಂದಳು ಮುನಿತಾಯಮ್ಮ.

ಆವಲಪ್ಪ ಮೊದಲ ಸಲ ನಕ್ಕ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಳಗೆ ಹಲ್ಲು ಸವೆದಿದೆ, ಸದ್ಯಕ್ಕೆ ಸದ್ದು ನಿಲ್ಲಿಸಿದ್ದೇನೆ, ಹುಣ್ಣಿಮೆಗೊಮ್ಮೆ ತಂದು ತೋರಿಸಬೇಕು, ಅಕ್ಕನೂ ಹಿಂದಿನ ಸೀಟಿನಲ್ಲಿರಬೇಕು ಎಂದು ಭಾವನಿಗೆ ಒಪ್ಪಿಸಿದ. ಇಂಥವರನ್ನಿಟ್ಟುಕೊಂಡು ಮಿಲಿಟರಿಯವರು ಯುದ್ಧ ಗೆದ್ದದ್ದೇ ಆಶ್ಚರ್ಯ ಎಂದ ವೆಂಕಟರಾಯಪ್ಪ.

ಅಷ್ಟರಲ್ಲಿ ಆವಲಪ್ಪನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಳು. ಮುನಿತಾಯಮ್ಮ ಬೇವಿನ ಮರದಡಿ ಕೂತು, ಎರಡು ವರ್ಷದ ಆ ಸೋದರಸೊಸೆಯನ್ನು ಮಡಿಲಿಗೆ ಹಾಕಿಕೊಂಡು, ಕಜ್ಜಾಯ ಮುರಿದು ಬಾಯಿಗಿಟ್ಟಳು. ಅವಳ ಕಣ್ಣೀರು ಮಗುವಿನ ತಲೆಯ ಮೇಲೆ ಬೀಳುತ್ತಿತ್ತು. ಹೊತ್ತಾಯಿತು ಎಂದು ವೆಂಕಟರಾಯಪ್ಪ ನಾಲ್ಕು ಸಲ ಗೊಣಗಿದ. ಹೊರಟದ್ದು ಮೂರು ಗಂಟೆಯ ಮೇಲೆ.

ತಿಂಗಳಿಡೀ ಕಾರು ಸದ್ದು ಮಾಡಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ಮುನಿತಾಯಮ್ಮ ಅಳುಕುತ್ತಲೇ, ನಾಳೆ ಹೋಗಬೇಕಲ್ಲವೇ ಎಂದು ಕೇಳಿದಳು. ಸದ್ದೇ ಇಲ್ಲದ ಕಾರನ್ನು ಆ ದಡ್ಡನಿಗೆ ಯಾಕೆ ತೋರಿಸಲಿ, ಪೆಟ್ರೋಲೇನು ಬಾವಿಯಲ್ಲಿ ಸೇದುತ್ತೇವಾ ಎಂದ ಅವನು. ಅವಳು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳು ಹಿತ್ತಲಲ್ಲಿ ಹಾಲು ಕರೆಯುತ್ತಿರುವಾಗ, ವೆಂಕಟರಾಯಪ್ಪ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿ, ಜೇಬಿನಿಂದ ಇನ್ನೊಂದು ನಟ್ಟು ತೆಗೆದು ಒಳಗೆ ಹಾಕಿದ.