ಗುಲಾಬನ ಹೆಸರಿನ ಕುಸ್ತಿ

ಮೆಹನಾಜ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಒಂದು ರಟ್ಟಿನ ಮೇಲೆ ಹತ್ತೂ ಬೆರಳು ಆಡಿಸುತ್ತಿದ್ದಳು. ರಟ್ಟಿನ ತುಂಬ ಚೌಕ ಚೌಕವಾಗಿ ಗೆರೆ ಎಳೆದು, ಒಂದೊಂದು ಚೌಕದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆದಿದ್ದಳು. ಸೋನ್ಯಾಳದ ಕುಸ್ತಿ ಮೈದಾನದ ಹ್ಯಾಂಡ್‌ಬಿಲ್ಲನ್ನು ಹೆಂಡತಿಗೆ ತೋರಿಸಲೆಂದು ಒಳಗೆ ಬಂದ ಗುಲಾಬ ಮಗಳನ್ನು ನೋಡಿ ನಿಂತ.

“ಏನ ಬೇಟಿ ಇದು, ಆಟಾ?”

“ಆಟ ಅಲ್ಲ ಅಬ್ಬಾ. ಕಂಪ್ಯೂಟರಿನ ಕೀಬೋರ್ಡ್. ರೂಢಿ ಮಾಡಾಕತ್ತೀನಿ.”

“ಎರಡು ತಿಂಗಳಾತು ಕ್ಲಾಸಿಗೆ ಹೋಗಾಕತ್ತಿ. ಅಲ್ಲಿ ಖರೇ ಮಷೀನ ಇಲ್ಲೇನು?”

“ಅದಾವ. ಒಂದೊಂದಕ್ಕ ನಾಕ ನಾಕ ಮಂದಿ. ಹುಡುಗೂರು ಕುಂದರತಾರ, ನಾವು ಹುಡುಗ್ಯಾರು ಹಿಂದ ನಿಂತು ಬರಕೋತೀವಿ.”

“ಮತ್ತ ಪರೀಕ್ಷಾ?”

“ಬರೂ ತಿಂಗಳ. ಅದು ಮಷೀನಿನ ಮ್ಯಾಲೇ ಕೊಡಬೇಕು.” ಮೆಹನಾಜ ತಲೆ ಎತ್ತಲಿಲ್ಲ. ಆ ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ನರ್ಸ್ ಕೆಲಸದ ಭರ್ತಿಗೆ ಅವಳ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗುಲಾಬ ಹ್ಯಾಂಡ್‌ಬಿಲ್ಲನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಮರಾಠಿಯಲ್ಲಿ ಅಚ್ಚಾಗಿದ್ದ ಅದರಲ್ಲಿ ನಾಲ್ಕನೆಯ ಕುಸ್ತಿಯ ಇನಾಮು ಕೊಡುವವರು ‘ಗುಲಾಬ ನದಾಫ, ಉಮದಿ’ ಎಂದಿತ್ತು. ಕೊಲ್ಲಾಪುರದಿಂದ ಬಿಜಾಪುರದವರೆಗೆ ಎಲ್ಲಿ ಮೈದಾನವಿದ್ದರೂ ಗಾದಿ ಹೊಲಿಯುವ ಸೂಜಿ ಬಿಟ್ಟು ಓಡಿ ಹೋಗಿ, ಮೂವತ್ತು ವರ್ಷ ಹಗ್ಗದ ಹೊರಗೆ ನಿಂತು ಕುಸ್ತಿ ನೋಡಿದವನು ಅವನು. ಇನಾಮು ಕೊಡುವವನಿಗೆ ಹಗ್ಗದ ಒಳಗೆ ಕರೆ ಬರುತ್ತದೆ. ತಲೆಗೆ ಪೇಟ ಕಟ್ಟುತ್ತಾರೆ. ಇಬ್ಬರು ಪೈಲವಾನರ ಕೈಗೆ ಕೈ ಕೊಡಿಸಿ ಕುಸ್ತಿ ಹಚ್ಚುವವನು ಅವನೇ. ಅದಕ್ಕೆಂದೇ ಎರಡು ವರ್ಷದಿಂದ ದುಡ್ಡು ಟ್ರಂಕಿನಲ್ಲಿ ಕೂಡಿತ್ತು.

ಅವನು ನೆಟ್ಟಗೆ ಮಗಳ ಕಂಪ್ಯೂಟರ್ ಕ್ಲಾಸಿಗೆ ಹೋದ. ಮಾಸ್ತರ ರವಿಕುಮಾರ ಬಾಗಿಲಲ್ಲೇ ಸಿಕ್ಕ.

“ಸರ, ನನ್ನ ಮಗಳು ಫೀ ಕಡಿಮಿ ಕೊಟ್ಟಾಳೇನು?”

“ಇಲ್ಲ ಚಾಚಾ, ಪೂರಾ ಕೊಟ್ಟಾಳ.”

“ಮತ್ತ ಯಾಕ ನಿಂದ್ರಸೀರಿ?”

“ಹೆಣ್ಣುಮಕ್ಕಳು ಶಾಣ್ಯಾ ಇರ್ತಾರ್ರಿ, ನೋಡೇ ಕಲೀತಾರ. ಈ ದಡ್ಡರಿಗೆ ಕೈಲೆ ಮಾಡಿಸಬೇಕಾಗತೈತಿ.”

“ನೋಡಿ ಕಲಿಯೂದು ನನಗ ಹೇಳಬ್ಯಾಡ!” ಗುಲಾಬ ಕೂಗಿದ ಕೂಗಿಗೆ ಒಳಗಿನ ಹುಡುಗರೆಲ್ಲ ತಿರುಗಿದರು. “ಮೂವತ್ತು ವರ್ಷ ಕುಸ್ತಿ ನೋಡೀನಿ. ಒಂದೊಂದು ಡಾವೂ, ಒಂದೊಂದು ಪಟ್ಟೂ ಬಾಯಿಪಾಠ ಐತಿ. ಈಗ ನಿನ್ನಂಥಾ ಕಡ್ಡಿ ಬಂದು ನೂಕಿದರೂ ಅಂಗಾತ ಬೀಳತೀನಿ!”

ಹುಡುಗರು ನಕ್ಕರು. ಮಾಸ್ತರನ ಮುಖ ಕೆಂಪಾಯಿತು. “ಅಷ್ಟು ಸಿಟ್ಟಿದ್ದರ ಮನ್ಯಾಗ ಒಂದು ಮಷೀನ ತಂದು ಇಡ್ರಿ, ಚಾಚಾ. ಇಲ್ಲಿ ಇರೂದು ಮೂರ ಅದಾವ.”

ಮರುದಿನ ಮುಂಜಾನೆಯ ಬಸ್ಸಿಗೆ ಗುಲಾಬ ಸೋನ್ಯಾಳಕ್ಕೆ ಹೋದ. ಮೈದಾನದ ಕಮಿಟಿ ನಡೆಸುವ ಶಿವಯೋಗೆಪ್ಪ ತನ್ನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ.

“ಅಣ್ಣಾರ, ನಾಕನೇ ಕುಸ್ತಿಗಿ ನನ್ನ ಹೆಸರ ತೆಗೀರಿ.”

“ಹ್ಯಾಂಡ್‌ಬಿಲ್ ಹಂಚಿ ಆಗೇತಿ ಗುಲಾಬಭಾಯ್! ಯಾಕ, ಮನ್ಯಾಗ ಯಾರಿಗರ ಆರಾಮಿಲ್ಲೇನು?”

“ಎಲ್ಲಾರೂ ಆರಾಮ ಅದಾರ. ಕಂಪ್ಯೂಟರ್ ತರಬೇಕಾಗೇತಿ.”

ಶಿವಯೋಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮ್ಮ ಮಗಾ ಶಾಹನವಾಜ ಟೆಂಪೋ ಹೊಡೆಯೂದು ಬಿಟ್ಟು ಸಾಹೇಬ ಆಗತಾನೇನು?”

“ಮಗಳಿಗೆ.”

ನಗು ನಿಂತಿತು. “ತಲಿ ಕೆಟ್ಟೈತೇನೋ ನಿನಗ? ನಾಳೆ ಮದಿವ್ಯಾಗಿ ಮಂದಿ ಮನಿಗಿ ಹೋಗಾಕಿ. ಮೂವತ್ತು ವರ್ಷ ಕಾದೀಯಲ್ಲೋ, ಆ ಒಂದು ಡಬ್ಬಿ ಸಲುವಾಗಿ…”

“ನನ್ನ ಸಿಟ್ಟೂ ಅದೇ ಐತ್ರಿ!” ಗುಲಾಬ ಕಟ್ಟೆಯ ಮೇಲೆ ಕೈ ಬಡಿದ. ತಕ್ಕಡಿ ಅಲ್ಲಾಡಿತು. “ಆ ಡಬ್ಬಿಯ ಮಾರೀನೂ ನೋಡಾಕ ಮನಸಿಲ್ಲ ನನಗ. ಅದನ್ನ ತರದೇ ಆಕಿ ಪಾಸ್ ಆಗೂ ಹಾದಿ ಇದ್ದರ ಹೇಳ್ರಿ. ಇಲ್ಲೇ ಇನಾಮಿನ ರೊಕ್ಕ ಎಣಿಸಿ ಕೊಟ್ಟು ಹೋಗತೀನಿ.”

ಶಿವಯೋಗೆಪ್ಪ ಕಿವಿಯ ಮೇಲಿನ ಪೆನ್ನು ತೆಗೆದು, ಗೋಡೆಗೆ ಅಂಟಿಸಿದ್ದ ಹ್ಯಾಂಡ್‌ಬಿಲ್ಲಿನಲ್ಲಿ ಒಂದು ಸಾಲು ಹೊಡೆದುಹಾಕಿದ.

ಮೂರನೆಯ ದಿನ ಬಿಜಾಪುರದಿಂದ ಹಳೆಯ ಕಂಪ್ಯೂಟರ್ ಒಂದು ಶಾಹನವಾಜನ ಟೆಂಪೋದಲ್ಲಿ ಬಂತು, ಎರಡು ಹೊಸ ಗಾದಿಗಳ ನಡುವೆ. ಗುಲಾಬ ಕಂಡಕಂಡದ್ದಕ್ಕೆಲ್ಲ ರೇಗಿದ. ಇಷ್ಟು ವೈರ್ ಯಾಕೆಂದು ರೇಗಿದ, ಟೇಬಲ್ಲಿಗೆ ಬೇರೆ ದುಡ್ಡು ಕಿತ್ತುಕೊಂಡ ಅಂಗಡಿಯವನನ್ನು ಬೈದ, ಕಂಪ್ಯೂಟರಿನ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಲು ಬಂದ ಹೆಂಡತಿ ಕಾಸೀಂಬಿಯನ್ನು, “ಅದೇನು ಮದಿಮಗಳೇನು?” ಎಂದು ಗದರಿಸಿದ.

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಶಾಹನವಾಜ ಅದನ್ನು ಎಳೆದುಕೊಂಡು ಕುಳಿತ. “ತಡಿ, ಚಾಲೂ ಮಾಡಿ ತೋರಸ್ತೀನಿ.” ಮೆಹನಾಜ ತನ್ನ ನೋಟ್‌ಬುಕ್ ತೆಗೆದುಕೊಂಡು ಬಂದು ಅಣ್ಣನ ಬೆನ್ನ ಹಿಂದೆ ನಿಂತಳು.

“ಏಳೋ!”

“ಅಬ್ಬಾ, ಬರೇ ಒಂದ ನಿಮಿಷ…”

“ನಿನ್ನ ಟೆಂಪೋ ಸ್ಟೇರಿಂಗಿಗಿ ಯಾರರ ಒಂದ ನಿಮಿಷ ಕುಂತಾರೇನು? ಏಳು ಅಂದೆ!” ಗುಲಾಬ ಮಗನ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲಿನತ್ತ ನೂಕಿದ. ಮಗಳ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡ. “ಕುಂದರ ಬೇಟಿ.”

ಮೆಹನಾಜ ಕುರ್ಚಿಯ ತುದಿಯಲ್ಲಿ ಕುಳಿತಳು. ಪರದೆ ಬೆಳಗಿತು. ಅವಳ ಬಲಗೈ ಮುಂದೆ ಹೋಗಿ, ಕೀಲಿಗಳ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತುಬಿಟ್ಟಿತು. ಅವಳು ಹಿಂತಿರುಗಿದಳು. ನೋಡಿದ್ದು ಅಪ್ಪನನ್ನಲ್ಲ, ಬಾಗಿಲಲ್ಲಿ ರಟ್ಟೆ ತಿಕ್ಕಿಕೊಳ್ಳುತ್ತ ನಿಂತಿದ್ದ ಅಣ್ಣನನ್ನು.

“ಭಾಯಿ, ಮುಟ್ಟಲೇನು?”